ಎಣಿಕೆಗೆ ಬಾರದವಳು

ಕದ್ರಿಯ ಹೂವಿನ ಪ್ರದರ್ಶನದಿಂದ
ನಲುವತ್ತು ರೂಪಾಯಿ ಕೊಟ್ಟು ತಂದೆ.
ಶಂಕರಪುರದವರೆಗೂ ಬಸ್ಸಿನಲ್ಲಿ
ಮಡಿಲಲ್ಲೇ ಕೂತಿತ್ತು, ಟಿಕೇಟಿಲ್ಲದ ಮಗುವಿನ ಹಾಗೆ.
ತೊಟ್ಟೆಗೆ ಸಿಕ್ಕಿಸಿದ ಚೀಟಿಯಲ್ಲಿ
"ಹಳದಿ ಮಲ್ಲಿಗೆ. ಗಟ್ಟಿ ಜಾತಿ. ಆರೈಕೆ ಬೇಡ."

ಅತ್ತೆ ಅಪ್ಪೋಲಿನ್ ಬಾಯಿ, ಬಾಳೆನಾರು ಒದ್ದೆ ಮಾಡುತ್ತಾ,
ಕೇಳಿದ್ದು ಒಂದೇ ಮಾತು:
"ಅಟ್ಟೆಗೆ ಎಷ್ಟಂತೆ?"

ನಮ್ಮಲ್ಲಿ ಹೂವೆಂದರೆ ಲೆಕ್ಕ.
ಎಂಟುನೂರು ಮೊಗ್ಗಿಗೆ ಚೆಂಡು,
ನಾಲ್ಕು ಚೆಂಡಿಗೆ ಅಟ್ಟೆ,
ಬಿಸಿಲೇರುವ ಮೊದಲು ಕಟ್ಟೆ.
ದರ ಹುಟ್ಟುವುದು ಅಲ್ಲಿ,
ಮದುವೆಯ ದಿನ ಮರ ಹತ್ತುತ್ತದೆ,
ಮಾರನೆಯ ದಿನ ಬಾವಿಗೆ ಬೀಳುತ್ತದೆ.

ಬಿಳಿಯವಳಿಗೆ ಏನು ಕಮ್ಮಿ?
ನೆಲಗಡಲೆ ಹಿಂಡಿ ಕೊಳೆಸಿದ ನೀರು,
ಮೊಗ್ಗು ಕೊರೆವ ಹುಳಕ್ಕೆ ಬೇವು,
ಹಳೆ ಎಲೆ ಒಂದೊಂದಾಗಿ ಕೀಳುವ ಶುಶ್ರೂಷೆ.
ಬುಡದಲ್ಲಿ ಒಂದು ರಾತ್ರಿ ನೀರು ನಿಂತರೆ
ಗಂಡನಿಗೆ ಜ್ವರ ಬಂದದ್ದಕ್ಕಿಂತ ಹೆಚ್ಚು ಗಾಬರಿ.

ಹಳದಿಯವಳಿಗೆ ಸಿಕ್ಕಿದ್ದು
ಬಟ್ಟೆ ಒಗೆವ ಕಲ್ಲಿನಾಚೆ, ಸೋಪು ನೀರು ಹರಿವಲ್ಲಿ,
ಪಿಕ್ಕಾಸು ಹಾಕಿದರೆ ಹಾರಿ ಹಿಂದಕ್ಕೆ ಬರುವ ಮುರಕಲ್ಲು.
ಗುಂಡಿಯಲ್ಲ ಅದು, ಗೀರು.
ಒಂದು ಬುಟ್ಟಿ ಸುಡುಮಣ್ಣು, ಒಂದು ತಂಬಿಗೆ ನೀರು,
"ಬದುಕಿದರೆ ಬದುಕು" ಎಂದೆ.

ಬದುಕಿತು.
ಮಟ್ಟು ಕಡೆಯ ಉಪ್ಪುಗಾಳಿಗೆ ಬೆನ್ನು ಕೊಟ್ಟು
ಒಂದು ಮಳೆಗಾಲ. ಒಮ್ಮೆ ಆಡು ಮೇಯ್ದು ಹೋಯಿತು.
ಒಮ್ಮೆ ಕೇಬಲ್ಲಿನವನು ತುಳಿದ.
ಮೂರನೆಯ ಬೇಸಗೆಗೆ ಸೊಂಟದೆತ್ತರ ಬಂದು
ಯಾರನ್ನೂ ಕೇಳದೆ ಹೂ ಬಿಟ್ಟಿತು,
ಊರುಕೋಳಿಯ ಮೊಟ್ಟೆಯೊಡೆದ ಹಳದಿ.

ಹೂ ಒಯ್ಯುವ ವಾದಿರಾಜ ಸ್ಕೂಟರು ನಿಲ್ಲಿಸಿದ.
ಒಂದು ಕಿತ್ತ, ಮೂಗಿಗೆ ಹಿಡಿದ.
"ಪರಿಮಳ ಉಂಟು ಅಂದ್ರೆ ಉಂಟು,
ಇಲ್ಲ ಅಂದ್ರೆ ಇಲ್ಲ, ಬಾಯಮ್ಮ.
ದರ ಕೇಳಿದರೆ ಕಟ್ಟೆಯಲ್ಲಿ ನಗಾಡ್ತಾರೆ."
ನಾನು ಕೇಳಿರಲಿಲ್ಲ. ಗಿಡವೂ.

ಆ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ.
ಕಟ್ಟುವುದಕ್ಕೆ ಕಣ್ಣು ಯಾಕೆ?
ಅರುವತ್ತು ವರ್ಷದ ಬೆರಳು
ಕತ್ತಲಲ್ಲೂ ಎಂಟುನೂರಕ್ಕೇ ನಿಲ್ಲುತ್ತದೆ.
ಆದರೂ ದಿನಾ ಒಂದು ದೂರು:
"ಜೆಸಿಂತಾ, ನಿನ್ನೆಯ ಹೂ ಕೊಯ್ದೆಯಾ?
ಎಲ್ಲ ಹಳದಿ ತಿರುಗಿದೆ."
ತಿರುಗಿದ್ದು ಹೂವಲ್ಲ.
ಹೇಗೆ ಹೇಳಲಿ? ಮೂರು ವರ್ಷದಿಂದ
ಅನ್ನ, ಇಗರ್ಜಿಯ ಗೋಡೆ, ನನ್ನ ಮುಖ,
ಎಲ್ಲವೂ ಅವರಿಗೆ ಚಾ ಸೋಸಿದ ಬಟ್ಟೆಯ ಬಣ್ಣ.

ಮಣಿಪಾಲದಲ್ಲಿ ಒಂದು ಕಣ್ಣಿನದು ತೆಗೆದರು.
ಇನ್ನೊಂದಕ್ಕೆ ಮಳೆ ಕಳೆದು ಬನ್ನಿ ಎಂದರು.
ಪಟ್ಟಿ ಬಿಚ್ಚಿದ ಮರುದಿನ, ಐದು ಗಂಟೆಗೆ,
ಬೇಡವೆಂದರೂ ಟಾರ್ಚು ಹಿಡಿದು ಗಿಡಗಳ ನಡುವೆ ಬಂದರು.
ಅಂಗೈಯಲ್ಲಿ ಹತ್ತು ಮೊಗ್ಗು ಹರಡಿ
ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ,
ಮತ್ತೆ ಇದು, ಮತ್ತೆ ಅದು.
ಈ ಕಣ್ಣಿಗೆ ಹಾಲು, ಆ ಕಣ್ಣಿಗೆ ತುಪ್ಪ.
"ಇಷ್ಟು ಬಿಳಿಯಾ!" ಎಂದರು,
ಬೈಯುವ ದನಿಯಲ್ಲಿ,
ಯಾರೋ ಇಷ್ಟು ವರ್ಷ ತೂಕದಲ್ಲಿ ಮೋಸ ಮಾಡಿದಂತೆ.

ಬೆಳಕು ಹರಿದ ಮೇಲೆ ನೋಡಿದರೆ
ಒಗೆವ ಕಲ್ಲಿನ ಹತ್ತಿರ ನಿಂತಿದ್ದಾರೆ.
ಹಳದಿಯವಳ ಎದುರೂ ಅದೇ ಪರೀಕ್ಷೆ,
ಈ ಕಣ್ಣು, ಆ ಕಣ್ಣು,
ತುಂಬ ಹೊತ್ತು.
"ಇವಳೊಬ್ಬಳು ಬದಲಾಗಲಿಲ್ಲ ನೋಡು."

ಅಂದಿನಿಂದ ಅವರು ಬಾಯಿ ಮುಕ್ಕಳಿಸಿದ ನೀರು ಅವಳಿಗೆ,
ಕೆಲವೊಮ್ಮೆ, ನಾನು ಕಾಣದಾಗ,
ಬಿಳಿಯವಳ ಪಾಲಿನ ಹಿಂಡಿಯೂ.

ಮೊನ್ನೆ ಹಾಸು ಬಟ್ಟೆ ಹಿಂಡುತ್ತಾ
ಅಭ್ಯಾಸಬಲ, ಎಣಿಸತೊಡಗಿದ್ದೆ:
ಹದಿನಾರು, ಹದಿನೇಳು,
ಗಾಳಿ ಬಂತು, ಕೊಂಬೆಗಳು ಜಾಗ ಬದಲಿಸಿದವು.
ಮೊದಲಿನಿಂದ ಶುರು ಮಾಡಲಿಲ್ಲ.
ಇನ್ನೂ ಎರಡು ಬಕೆಟು ಬಟ್ಟೆ ಬಾಕಿ ಇತ್ತು.